ಆಫರ್ ಲೆಟರ್ ಕೈಯಲ್ಲಿದೆ, ಪಿಆರ್ ಪಾಯಿಂಟ್ ಎಲ್ಲಿ ಹೋಯ್ತು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಕೆನಡಾ ಪಿಆರ್, ಅಂದ್ರೆ ಅಲ್ಲಿ ಖಾಯಂ ಆಗಿ ಇರೋ ಅನುಮತಿ ಬಗ್ಗೆನೇ ಇದ್ವು, ಅದ್ರಲ್ಲೂ ಜಾಬ್ ಆಫರ್ ಅನ್ನೋ ಒಂದೇ ವಿಷಯದ ಸುತ್ತ ಸುತ್ತುತಿದ್ವು, ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟು ಇದನ್ನೊಂದೇ ಹಿಡ್ಕೊಂಡು ಕೂತಿದೀನಿ. ಕೇಳಿದವರ ಹೆಸರು, ಕಂಪನಿ ಹೆಸರು ಎಲ್ಲ ತೆಗ್ದಿದೀವಿ. ಕೆಲವು ಪತ್ರ ಉದ್ದ ಇದ್ವು, ಮೊಟಕು ಮಾಡಿದೀವಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮಸ್ಕಾರ ಸರ್, ನಾನು ಬ್ರಾಂಪ್ಟನ್‌ನಲ್ಲಿ ಅಕೌಂಟೆಂಟ್. ನನ್ನ ಓನರ್ ಎಲ್‌ಎಂಐಎ (ಹೊರಗಿನವ್ರನ್ನ ಕೆಲಸಕ್ಕೆ ತಗೊಳ್ಳೋಕೆ ಸರ್ಕಾರದ ಒಪ್ಪಿಗೆ) ಮಾಡಿಸಿ ಕೊಟ್ಟಿದ್ರು, ಸಿಆರ್‌ಎಸ್ (ಪಿಆರ್ ಆಯ್ಕೆಗೆ ಕೊಡೋ ಪಾಯಿಂಟ್) ಸ್ಕೋರ್ 521 ಇತ್ತು. ಒಂದಿನ ಬೆಳಿಗ್ಗೆ ಲಾಗಿನ್ ಆಗಿ ನೋಡಿದ್ರೆ 471 ತೋರಿಸ್ತು. ನಾನೇನೂ ಚೇಂಜ್ ಮಾಡಿಲ್ಲ, ಆಫರ್ ಇನ್ನೂ ಇದೆ, ಓನರ್ ಕೂಡ ಒಳ್ಳೆಯವ್ರು. ಯಾಕೆ ಹೀಗಾಯ್ತು, ಪ್ರೊಫೈಲ್‌ನಿಂದ ಆಫರ್ ತೆಗ್ದು ಹಾಕ್ಲಾ?

ತೆಗೀಬೇಡಿ, ಇರ್ಲಿ ಬಿಡಿ. ನಿಮ್ಮ ಪ್ರೊಫೈಲ್‌ನಲ್ಲಿ ಏನೂ ತಪ್ಪಾಗಿಲ್ಲ, ನಿಯಮನೇ ಬದಲಾಗಿದ್ದು. 2025ರ ಮಾರ್ಚ್ 25ರಿಂದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದ್ರೆ ಪಾಯಿಂಟ್ ನೋಡಿ ಪಿಆರ್‌ಗೆ ಆರಿಸೋ ಕೆನಡಾ ಸರ್ಕಾರದ ವ್ಯವಸ್ಥೆಯಲ್ಲಿ, ಜಾಬ್ ಆಫರ್‌ಗೆ ಕೊಡ್ತಿದ್ದ ಸಿಆರ್‌ಎಸ್ ಪಾಯಿಂಟ್‌ನ ಪೂರ್ತಿ ಎತ್ತಿಬಿಟ್ರು. ಸಾಮಾನ್ಯ ಕೆಲಸಕ್ಕೆ 50, ದೊಡ್ಡ ಮ್ಯಾನೇಜ್‌ಮೆಂಟ್ ಹುದ್ದೆಗೆ 200 ಇತ್ತಲ್ಲ, ಎರಡೂ ಸೊನ್ನೆ. ಪೂಲ್‌ನಲ್ಲಿ, ಅಂದ್ರೆ ಆಯ್ಕೆಗೆ ಕಾಯೋರ ಪಟ್ಟಿಯಲ್ಲಿ, ಅದಾಗಲೇ ಇದ್ದವರಿಗೂ ಅನ್ವಯ ಆಯ್ತು, ಅದಕ್ಕೇ ನಿಮಗೆ ರಾತ್ರೋರಾತ್ರಿ ಇಳಿದಂಗೆ ಕಾಣಿಸಿದ್ದು. ಅಷ್ಟು ಹೊತ್ತಿಗೆ ಐಟಿಎ, ಅಂದ್ರೆ ಅರ್ಜಿ ಹಾಕಿ ಅಂತ ಕರೆಯೋ ಆಹ್ವಾನ, ಸಿಕ್ಕಿದ್ದವರಿಗೂ ಅರ್ಜಿ ಹಾಕಿ ಕಾಯ್ತಿದ್ದವರಿಗೂ ಮಾತ್ರ ಏನೂ ತೊಂದ್ರೆ ಆಗಲಿಲ್ಲ.

ಇದರ ಹಿಂದೆ ಒಂದು ಕಥೆನೇ ಇದೆ. 2015ರ ಜನವರಿಯಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಶುರುವಾದಾಗ ಎಲ್‌ಎಂಐಎ ಇರೋ ಜಾಬ್ ಆಫರ್‌ಗೆ 600 ಪಾಯಿಂಟ್ ಕೊಡ್ತಿದ್ರು, ಒಟ್ಟು 1200ರಲ್ಲಿ ಅರ್ಧ, ಆಫರ್ ಇದ್ರೆ ಮುಗೀತು, ಮುಂದಿನ ಡ್ರಾದಲ್ಲಿ, ಅಂದ್ರೆ ಪಾಯಿಂಟ್ ಜಾಸ್ತಿ ಇರೋರನ್ನ ಕರೆಯೋ ಸುತ್ತಲ್ಲಿ, ಹೆಸರು ಬಂದಂಗೇ. ಹೊರಗಿನಿಂದ ಜನ ತರಿಸ್ಕೊಳ್ಳೋಕೆ ಮುಂಚೆ ಇಲ್ಲಿ ಆ ಕೆಲಸಕ್ಕೆ ಯಾರೂ ಸಿಗ್ತಿಲ್ಲ ಅಂತ ಕಂಪನಿಯವ್ರು ಕೆನಡಾ ಸರ್ಕಾರಕ್ಕೆ ತೋರಿಸಿ ತಗೊಳ್ಳೋ ಒಪ್ಪಿಗೆನೇ ಎಲ್‌ಎಂಐಎ. 2016ರ ನವೆಂಬರ್‌ನಲ್ಲಿ 600ನ್ನ 50ಕ್ಕೆ, 200ಕ್ಕೆ ಇಳಿಸಿದ್ರು. ಆದ್ರೆ ಕಟ್ ಆಫ್ 500ರ ಮೇಲೆ ಹೋದಾಗ ಆ 50 ಪಾಯಿಂಟ್‌ಗೂ ಚಿನ್ನದ ಬೆಲೆ ಬಂತು, ಎಲ್‌ಎಂಐಎನ ದುಡ್ಡಿಗೆ ಮಾರೋ ದಂಧೆ ಶುರುವಾಯ್ತು. ಆಗಿನ ಇಮಿಗ್ರೇಶನ್ ಮಂತ್ರಿ ಮಾರ್ಕ್ ಮಿಲ್ಲರ್ 2024ರ ಡಿಸೆಂಬರ್‌ನಲ್ಲಿ ಘೋಷಣೆ ಮಾಡುವಾಗ ಇದನ್ನೇ ಕಾರಣ ಕೊಟ್ಟಿದ್ದು. ಕಳ್ಳರನ್ನ ಹಿಡಿಯೋ ಬದ್ಲು ಅಂಗಡಿನೇ ಮುಚ್ಚಿದ್ರು ಅಂತ ನನಗನ್ಸುತ್ತೆ, ನಿಮ್ಮಂಥ ನ್ಯಾಯವಾಗಿ ಆಫರ್ ತಗೊಂಡವ್ರಿಗೆ ಇದ್ರಲ್ಲಿ ಅನ್ಯಾಯ ಆಗಿದೆ ಅನ್ನೋದ್ರಲ್ಲಿ ಅನುಮಾನ ಇಲ್ಲ.

ಈಗ ಮುಂದೇನು ಅಂದ್ರೆ, ನೀವು ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಕ್ಲಾಸ್‌ನಲ್ಲಿ, ಅಂದ್ರೆ ಕೆನಡಾದಲ್ಲೇ ಕೆಲಸ ಮಾಡಿದವ್ರಿಗೆ ಇರೋ ದಾರಿಯಲ್ಲಿ, ಇದೀರಿ ಅನ್ಕೋತೀನಿ. 2025ರಲ್ಲಿ ಆ ಡ್ರಾಗಳ ಕಟ್ ಆಫ್ 510ರಿಂದ 550ರ ಒಳಗೇ ಓಡಾಡ್ತಿತ್ತು, 471ಕ್ಕೆ ಅದು ದೂರನೇ. ಆದ್ರೆ ದಾರಿ ಇಲ್ಲ ಅಂತೇನಿಲ್ಲ. ನಿಮಗೆ ಕೆನಡಾ ಅನುಭವ ಈಗ ಒಂದು ವರ್ಷ ಇದ್ರೆ, ಎರಡು ತುಂಬಿದ ದಿನ ಪಾಯಿಂಟ್ ಏರುತ್ತೆ. ಒಂಟಿಯಾಗಿ ಅರ್ಜಿ ಹಾಕೋರಿಗೆ ಒಂದು ವರ್ಷಕ್ಕೆ 40 ಇರೋದು ಎರಡಕ್ಕೆ 53 ಆಗುತ್ತೆ, ಡಿಗ್ರಿ ಜೊತೆ ಅದನ್ನ ಸೇರಿಸಿ ಕೊಡೋ ಪಾಯಿಂಟ್ 13ರಿಂದ 25 ಆಗುತ್ತೆ, ಅಲ್ಲಿಗೆ ಕಳ್ಕೊಂಡ 50ರಲ್ಲಿ ಅರ್ಧ ವಾಪಸ್ ಬಂದಂಗಾಯ್ತು. ಆದ್ರೆ ವಯಸ್ಸು 30 ಆದ್ಮೇಲೆ ಪ್ರತಿ ಹುಟ್ಟುಹಬ್ಬಕ್ಕೂ 5ರಿಂದ 6 ಪಾಯಿಂಟ್ ಹೋಗುತ್ತೆ, 40 ದಾಟಿದ ಮೇಲೆ ಅದರ ಡಬಲ್, ಅದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ. ಇಂಗ್ಲಿಷ್ ಟೆಸ್ಟ್‌ನಲ್ಲಿ ಸಿಎಲ್‌ಬಿ (ಭಾಷೆ ಎಷ್ಟು ಬರುತ್ತೆ ಅಂತ ಅಳೆಯೋ ಕೆನಡಾದ ಲೆವೆಲ್) 9 ಮುಟ್ಟಿಲ್ಲ ಅಂದ್ರೆ ಮೊದಲು ಅದನ್ನ ನೋಡಿ, ಐಇಎಲ್‌ಟಿಎಸ್ ಜನರಲ್‌ನಲ್ಲಿ ಲಿಸನಿಂಗ್ 8, ಉಳಿದ ಮೂರರಲ್ಲಿ 7, ಒಂದರಲ್ಲಿ ಅರ್ಧ ಬ್ಯಾಂಡ್ ಕಡಿಮೆ ಬಂದ್ರೂ ತುಂಬಾ ಪಾಯಿಂಟ್ ಹೋಗುತ್ತೆ. ಇಷ್ಟೆಲ್ಲ ಆದ್ಮೇಲೂ ಸಾಲದೇ ಇದ್ರೆ ನಿಮ್ಮ ಓನರ್‌ನ ಕರ್ಕೊಂಡು ಪ್ರಾವಿನ್ಸ್, ಅಂದ್ರೆ ಅಲ್ಲಿನ ರಾಜ್ಯ ಸರ್ಕಾರದ ಬಾಗಿಲು ತಟ್ಟಿ. ಪ್ರಾವಿನ್ಷಿಯಲ್ ನಾಮಿನೇಶನ್, ಅಂದ್ರೆ ಪ್ರಾವಿನ್ಸ್‌ನ ಶಿಫಾರಸು ಸಿಕ್ಕರೆ ಇವತ್ತಿಗೂ 600 ಪಾಯಿಂಟ್, ಅದನ್ನ ಯಾರೂ ಮುಟ್ಟಿಲ್ಲ. ಬಹಳಷ್ಟು ಪ್ರಾವಿನ್ಸ್‌ಗಳ ಸ್ಟ್ರೀಮ್‌ಗೆ ಜಾಬ್ ಆಫರೇ ಟಿಕೆಟ್. ಅಂದ್ರೆ ಒಟ್ಟಾವಾದಲ್ಲಿ (ಕೇಂದ್ರ ಸರ್ಕಾರದ ಹತ್ರ) ಬೆಲೆ ಇಲ್ಲದ ಅದೇ ಕಾಗದಕ್ಕೆ ಪ್ರಾವಿನ್ಸ್‌ನಲ್ಲಿ ಬೆಲೆ ಇದೆ.

ಒಂದು ಮಾತು, 2025ಕ್ಕೆ ಈ ನಾಮಿನೇಶನ್ ದಾರಿಯ ಟಾರ್ಗೆಟ್‌ನ ಕೇಂದ್ರ ಸರ್ಕಾರ ಹಿಂದಿನ ವರ್ಷದ 1,10,000ದಿಂದ 55,000ಕ್ಕೆ ಇಳಿಸಿತ್ತು, ಆಮೇಲೆ 2026ಕ್ಕೆ ಮತ್ತೆ ಏರಿಸಿದ್ರು. ಹಾಗಾಗಿ ಸ್ಟ್ರೀಮ್ ತೆರೆದಾಗ ಕಾಗದ ರೆಡಿ ಇರ್ಬೇಕು, ತೆರೆದ್ಮೇಲೆ ಹುಡ್ಕೋಕೆ ಹೋದ್ರೆ ಆಗಲ್ಲ.

ಪ್ರಶ್ನೆ: ನನಗೆ 41 ವರ್ಷ, ಎಂಜಿನಿಯರಿಂಗ್ ಡಿಗ್ರಿ, 15 ವರ್ಷ ಅನುಭವ, ಕೆನಡಾಗೆ ಒಂದು ಸಲನೂ ಬಂದಿಲ್ಲ. ಪಾಯಿಂಟ್ ತೆಗೆದ ಮೇಲೆ ಜಾಬ್ ಆಫರ್‌ನಿಂದ ಏನೂ ಉಪಯೋಗ ಇಲ್ಲ ಅಂತ ಒಬ್ಬ ಏಜೆಂಟ್ ಹೇಳ್ದ, ಇನ್ನೊಬ್ಬ ಆಫರ್ ಇಲ್ದೆ ಪ್ರೊಫೈಲೇ ಮಾಡೋಕಾಗಲ್ಲ ಅಂತಾನೆ. ಯಾರನ್ನ ನಂಬ್ಲಿ?

ಇಬ್ರೂ ಅರ್ಧರ್ಧ ಹೇಳಿದಾರೆ. ಇಲ್ಲಿ ಎರಡು ಬೇರೆ ಬೇರೆ ಪಾಯಿಂಟ್ ಲೆಕ್ಕ ಇವೆ, ಎಲ್ಲಾರೂ ಎಡವೋದೇ ಇಲ್ಲಿ. ಒಂದು, ಒಳಗೆ ಬಿಡೋ ಲೆಕ್ಕ: ಹೊರಗಿನಿಂದ ಬರೋ ಓದಿದ, ಅನುಭವ ಇರೋ ಕೆಲಸಗಾರರ ದಾರಿ ಆದ ಫೆಡರಲ್ ಸ್ಕಿಲ್ಡ್ ವರ್ಕರ್‌ಗೆ 100ಕ್ಕೆ 67 ಬರ್ಬೇಕು. ಇನ್ನೊಂದು, ಒಳಗೆ ಬಂದವರನ್ನ ಸಾಲಲ್ಲಿ ನಿಲ್ಲಿಸೋ ಲೆಕ್ಕ, ಅದೇ 1200ರ ಸಿಆರ್‌ಎಸ್. ಜಾಬ್ ಆಫರ್ ಪಾಯಿಂಟ್ ಹೋಗಿರೋದು ಎರಡನೇದ್ರಲ್ಲಿ ಮಾತ್ರ. ಮೊದಲನೇದ್ರಲ್ಲಿ ಇನ್ನೂ ಹಾಗೇ ಇದೆ, ನಿಯಮದ ಪ್ರಕಾರ ಇರೋ ಆಫರ್‌ಗೆ 10, ಜೊತೆಗೆ ಹೊಂದಾಣಿಕೆ ಅನ್ನೋ ಕಾಲಂನಲ್ಲಿ ಇನ್ನೊಂದು 5.

ನಿಮ್ಮದನ್ನೇ ಕೂಡಿಸಿ ನೋಡೋಣ. 41 ವರ್ಷಕ್ಕೆ 6, ಡಿಗ್ರಿಗೆ 21, ಆರು ವರ್ಷ ಮೇಲ್ಪಟ್ಟ ಅನುಭವಕ್ಕೆ 15. ಇಂಗ್ಲಿಷ್ ಸಿಎಲ್‌ಬಿ 7 ಬಂದ್ರೆ 16, ಒಟ್ಟು 58, ಗೇಟಲ್ಲೇ ನಿಲ್ತೀರಿ. ಸಿಎಲ್‌ಬಿ 9 ತಗೊಂಡ್ರೆ ಭಾಷೆಗೆ 24, ಒಟ್ಟು 66. ಒಂದೇ ಒಂದು ಪಾಯಿಂಟ್ ಕಡಿಮೆ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ ಹಾಗೆ. ಇಲ್ಲಿ ಆಫರ್ ಇದ್ರೆ 15 ಸೇರಿ ಸಲೀಸಾಗಿ ದಾಟ್ತೀರಿ, ಆದ್ರೆ ಆಫರ್‌ಗೋಸ್ಕರ ಲಕ್ಷಾಂತರ ಸುರಿಯೋ ಮುಂಚೆ ನಿಮ್ಮ ಮನೆಯವ್ರನ್ನ ಕೇಳಿ, ಅವ್ರು ಇಂಗ್ಲಿಷ್ ಟೆಸ್ಟ್‌ನಲ್ಲಿ ಸಿಎಲ್‌ಬಿ 4 ತಗೊಂಡ್ರೆ ಸಾಕು, ಅದಕ್ಕೇ 5 ಪಾಯಿಂಟ್, ನೀವು 71. ಸಿಎಲ್‌ಬಿ 4 ಅಂದ್ರೆ ದಿನಬಳಕೆಯ ಮಟ್ಟ, ದೊಡ್ಡ ವಿಷಯ ಏನಲ್ಲ. ಅಣ್ಣನೋ ಅಕ್ಕನೋ ಕೆನಡಾದಲ್ಲಿ ಪಿಆರ್ ಆಗಿ ಇದ್ರೂ 5.

ಆದ್ರೆ ನಿಮಗೆ ಸುಳ್ಳು ಭರವಸೆ ಕೊಡೋಕೆ ನನಗೆ ಇಷ್ಟ ಇಲ್ಲ. ಗೇಟ್ ದಾಟಿ ಒಳಗೆ ಬಂದ್ಮೇಲೆ ನಿಮ್ಮ ಸಿಆರ್‌ಎಸ್ ಎಷ್ಟಿರುತ್ತೆ ಗೊತ್ತಾ, ಹೆಂಡತಿ ಜೊತೆ ಅರ್ಜಿ ಹಾಕಿದ್ರೆ ವಯಸ್ಸಿಗೆ 35, ಡಿಗ್ರಿಗೆ 112, ಸಿಎಲ್‌ಬಿ 9ಕ್ಕೆ 116, ಅನುಭವ ಭಾಷೆ ಡಿಗ್ರಿ ಎಲ್ಲ ಒಂದಕ್ಕೊಂದು ಬೆರೆಸಿ ಕೊಡೋದು 75, ಒಟ್ಟು 338, ಮನೆಯವರ ಓದು, ಇಂಗ್ಲಿಷ್‌ದು ಸೇರಿ ಇನ್ನೊಂದಿಷ್ಟು. ಹಳೇ 50 ಪಾಯಿಂಟ್ ಇದ್ದಿದ್ರೂ 400 ಆಸುಪಾಸು, ಅದ್ರಿಂದಲೂ ಕೆಲಸ ಆಗ್ತಿರ್ಲಿಲ್ಲ. 2025ರಲ್ಲಿ ಎಲ್ಲಾರಿಗೂ ತೆರೆದ ಜನರಲ್ ಡ್ರಾ ಒಂದೂ ನಡೀಲಿಲ್ಲ, ನಾಮಿನೇಶನ್, ಕೆನಡಾ ಅನುಭವ, ಫ್ರೆಂಚ್, ಹೆಲ್ತ್‌ಕೇರ್, ಎಜುಕೇಶನ್, ಟ್ರೇಡ್ಸ್ ಅಂತ ವರ್ಗ ನೋಡಿ ಕರೆದ್ರು. ನಿಮ್ಮಂಥವರಿಗೆ ಎರಡೇ ದಾರಿ ಅಂತ ನನ್ನ ಅಭಿಪ್ರಾಯ, ಒಂದು ಪ್ರಾವಿನ್ಸ್ ನಾಮಿನೇಶನ್, ಅಲ್ಲಿ ಆ ಆಫರ್‌ಗೆ ನಿಜವಾದ ತೂಕ ಇದೆ, ಇನ್ನೊಂದು ಫ್ರೆಂಚ್. ನಗಬೇಡಿ. 2025ರ ಮಾರ್ಚ್‌ನಲ್ಲಿ ಒಂದು ಫ್ರೆಂಚ್ ಡ್ರಾ 379ಕ್ಕೆ ಇಳಿದಿತ್ತು. ನಾಲ್ಕೂ ವಿಭಾಗದಲ್ಲಿ ಲೆವೆಲ್ 7 ಬೇಕು, ಮಾಡಿದ್ರೆ ಹೆಚ್ಚುವರಿ 50 ಪಾಯಿಂಟ್ ಬೇರೆ ಸಿಗುತ್ತೆ. 41ರಲ್ಲಿ ಹೊಸ ಭಾಷೆ ಕಲಿಯೋದು ಕಷ್ಟ, ಒಪ್ಪಿದೆ, ಆದ್ರೆ ಅದು ನಿಮ್ಮ ಕೈಯಲ್ಲಿರೋ ವಿಷಯ, ಆಫರ್ ಕೊಡೋದು ಬೇರೆಯವ್ರ ಕೈಯಲ್ಲಿರೋದು.

ಪ್ರಶ್ನೆ: ದಯವಿಟ್ಟು ಹೆಸರು ಹಾಕ್ಬೇಡಿ. ನಾನು ಕೆಲಸ ಮಾಡೋ ರೆಸ್ಟೋರೆಂಟ್ ಓನರ್ ಎಲ್‌ಎಂಐಎ ಮಾಡ್ಸಿ ಕೊಡ್ತೀನಿ, ಇಪ್ಪತ್ತು ಸಾವಿರ ಡಾಲರ್ ಕೊಡು ಅಂತಿದಾರೆ. ಲೆಟರ್‌ನಲ್ಲಿ ಫುಡ್ ಸರ್ವಿಸ್ ಸೂಪರ್‌ವೈಸರ್ ಅಂತ ಬರೀತಾರಂತೆ, ನಾನು ಮಾಡ್ತಿರೋದು ಕೌಂಟರ್ ಕೆಲಸ. ನನ್ನ ಪರ್ಮಿಟ್ ಮುಗಿಯೋಕೆ ಬಂತು. ಎಲ್ಲಾರೂ ಕೊಡ್ತಾರೆ ಅಂತ ರೂಮ್‌ಮೇಟ್ ಹೇಳ್ತಾನೆ. ಏನ್ಮಾಡ್ಲಿ?

ಕೊಡಬೇಡಿ. ಇದಕ್ಕೆ ಇನ್ನೊಂದು ಉತ್ತರ ನನ್ನ ಹತ್ರ ಇಲ್ಲ.

ಕಾರಣ ಹೇಳ್ತೀನಿ, ಸುಮ್ನೆ ಉಪದೇಶ ಅಂದ್ಕೋಬೇಡಿ. ಎಲ್‌ಎಂಐಎ ಅರ್ಜಿಗೆ ಸರ್ಕಾರಕ್ಕೆ ಕಟ್ಟೋ ಫೀಸ್ ಒಂದು ಹುದ್ದೆಗೆ 1,000 ಡಾಲರ್, ಅದನ್ನ ಕಂಪನಿಯವ್ರೇ ಕಟ್ಬೇಕು, ಕೆಲಸಗಾರನ ಹತ್ರ ವಸೂಲಿ ಮಾಡೋ ಹಾಗಿಲ್ಲ. ಉಳಿದ ಹತ್ತೊಂಬತ್ತು ಸಾವಿರ ಎಲ್ಲಿಗೆ ಹೋಗುತ್ತೆ ಅಂತ ನೀವೇ ಯೋಚ್ನೆ ಮಾಡಿ. ಇಷ್ಟು ಕೊಟ್ಟು ನೀವು ತಗೊಳ್ತಿರೋದಾದ್ರೂ ಏನು? ಪಾಯಿಂಟ್ ಅಂತೂ ಈಗ ಸೊನ್ನೆ. ಅದು ಗೊತ್ತಿಲ್ದೇ ಇರೋ ಹುಡುಗ್ರಿಗೆ ಹಳೇ ರೇಟಲ್ಲೇ ಮಾರೋರು ಈಗ್ಲೂ ಇದಾರೆ. ಪರ್ಮಿಟ್ ಮುಂದುವರಿಯುತ್ತೆ ಅನ್ನೋ ಆಸೆ ಒಂದು ಉಳಿಯುತ್ತೆ, ನಿಮ್ಮ ಓನರ್ ಆ ಆಸೆನೇ ಮಾರ್ತಿರೋದು.

ಇನ್ನು ಆ ಸೂಪರ್‌ವೈಸರ್ ಅನ್ನೋ ಪದದ ವಿಷಯ. ಕೆನಡಾದ ಉದ್ಯೋಗ ಪಟ್ಟಿಯಲ್ಲಿ ಪ್ರತಿ ಕೆಲಸಕ್ಕೂ ಟೀರ್ ಅನ್ನೋ ದರ್ಜೆ ಇದೆ, ಫುಡ್ ಸರ್ವಿಸ್ ಸೂಪರ್‌ವೈಸರ್ ಟೀರ್ 2, ಕೌಂಟರ್ ಅಟೆಂಡೆಂಟ್ ಟೀರ್ 5. ಸ್ಕಿಲ್ಡ್ ಅಂತ ಲೆಕ್ಕಕ್ಕೆ ಬರೋದು ಟೀರ್ 0ಯಿಂದ 3ರ ತನಕ, ಅದಕ್ಕೇ ಎಲ್ಲಾರನ್ನೂ ಕಾಗದದಲ್ಲಿ ಸೂಪರ್‌ವೈಸರ್ ಮಾಡ್ತಾರೆ. ಆದ್ರೆ ಆಫೀಸರ್ ನೋಡೋದು ಹುದ್ದೆ ಹೆಸರನ್ನಲ್ಲ, ಕೆಲಸನ. ರೋಸ್ಟರ್ ಯಾರು ಹಾಕ್ತಾರೆ, ಸ್ಟಾಕ್ ಆರ್ಡರ್ ಯಾರು ಮಾಡ್ತಾರೆ, ನಿಮ್ಮ ಕೈಕೆಳಗೆ ಎಷ್ಟು ಜನ, ಹೊಸಬರಿಗೆ ಟ್ರೇನಿಂಗ್ ಕೊಟ್ಟಿದ್ದು ಯಾರು ಅಂತ ಅಂಗಡಿಗೆ ಫೋನ್ ಮಾಡಿ ಕೇಳಬಹುದು, ಆ ಹೊತ್ತಿಗೆ ಫೋನ್ ಎತ್ತಿದವನು ನಿಮ್ಮ ಹೆಸರು ಕೇಳಿ ಯಾವ ಸೂಪರ್‌ವೈಸರ್ ಅಂದ್ರೆ ಅಲ್ಲಿಗೆ ಕಥೆ ಮುಗೀತು. ಸಂಬಳ ಚೆಕ್‌ನಲ್ಲಿ ಪೂರ್ತಿ ಹಾಕಿ ಆಮೇಲೆ ಕ್ಯಾಶ್ ವಾಪಸ್ ತಗೊಳ್ಳೋ ಆಟನೂ ಹಳೇದೇ, ಪ್ರತಿ ಸಂಬಳದ ಮಾರನೇ ದಿನ ಅದೇ ಮೊತ್ತ ಎಟಿಎಂನಿಂದ ತೆಗೆದಿರೋದು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಸಾಲಾಗಿ ಕಾಣುತ್ತೆ. ಸುಳ್ಳು ಮಾಹಿತಿ ಅಂತ ಸಾಬೀತಾದ್ರೆ ಇಮಿಗ್ರೇಶನ್ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಐದು ವರ್ಷ ಬ್ಯಾನ್, ಆ ಐದು ವರ್ಷ ಪಿಆರ್ ಅರ್ಜಿ ಹಾಕೋ ಹಾಗೂ ಇಲ್ಲ. ಬ್ಯಾನ್ ಆಗೋದು ನಿಮಗೆ, ದುಡ್ಡು ಉಳಿಯೋದು ಓನರ್ ಹತ್ರ.

ನಿಮ್ಮ ಪರ್ಮಿಟ್ ಆ ಒಬ್ಬ ಓನರ್‌ಗೇ ಕಟ್ಟುಬಿದ್ದಿದ್ದು, ದುಡ್ಡು ಕೊಡ್ದಿದ್ರೆ ಕೆಲಸದಿಂದ ತೆಗೀತೀನಿ ಅಂತ ಹೆದರಿಸ್ತಿದಾರೆ ಅಂದ್ರೆ ಅದಕ್ಕೊಂದು ದಾರಿ ಇದೆ. 2019ರಿಂದ ಶೋಷಣೆಗೆ ಒಳಗಾದ ಕೆಲಸಗಾರರಿಗೆ ಅಂತಾನೇ ಬೇರೆ ಓಪನ್ ವರ್ಕ್ ಪರ್ಮಿಟ್ (ಒಬ್ಬ ಓನರ್‌ಗೇ ಕಟ್ಟುಬೀಳದ ಪರ್ಮಿಟ್) ಇದೆ, ದುಡ್ಡು ಕೀಳೋದೂ ಶೋಷಣೆನೇ ಅಂತ ಅದ್ರಲ್ಲಿ ಸೇರುತ್ತೆ. ಮೆಸೇಜ್, ವಾಯ್ಸ್ ನೋಟ್, ಸಂಬಳದ ಚೀಟಿ ಎಲ್ಲ ಬೇರೆ ಕಡೆ ಸೇವ್ ಮಾಡಿ ಇಟ್ಕೊಳ್ಳಿ, ಆ ಫೋನ್‌ನಲ್ಲಿ ಮಾತ್ರ ಇಡಬೇಡಿ. ನಿಮ್ಮದು ಓಪನ್ ಪರ್ಮಿಟ್ ಆಗಿದ್ರೆ ಇದು ಬರಲ್ಲ, ಬೇರೆ ಕೆಲಸ ನೋಡ್ಕೊಳ್ಳಿ. ಸಲಹೆ ಬೇಕು ಅಂದ್ರೆ ಲೈಸೆನ್ಸ್ ಇರೋರ ಹತ್ರ ಮಾತ್ರ ಹೋಗಿ, ಲಾಯರ್ ಅಲ್ಲದ ಕನ್ಸಲ್ಟೆಂಟ್ ಆದ್ರೆ ಅವ್ರ ಹೆಸರು ಕಾಲೇಜ್ ಆಫ್ ಇಮಿಗ್ರೇಶನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್‌ನ ಪಬ್ಲಿಕ್ ಪಟ್ಟಿಯಲ್ಲಿ ಇರ್ಬೇಕು, ನೀವೇ ಹುಡುಕಿ ನೋಡಬಹುದು.

ಪ್ರಶ್ನೆ: ನನ್ನ ತಮ್ಮ ವೆಲ್ಡರ್, ಐಟಿಐ ಮುಗ್ಸಿದಾನೆ, ಡಿಗ್ರಿ ಇಲ್ಲ. ಅವನಿಗೆ ಜಾಬ್ ಆಫರ್ ಬೇಕೇ ಬೇಕಾ?

ಫೆಡರಲ್ ಸ್ಕಿಲ್ಡ್ ಟ್ರೇಡ್ಸ್ ದಾರಿಯಲ್ಲಿ ಬರೋದಾದ್ರೆ ಎರಡರಲ್ಲಿ ಒಂದು ಬೇಕು: ಕನಿಷ್ಠ ಒಂದು ವರ್ಷದ ಫುಲ್ ಟೈಮ್ ಕೆಲಸದ ಆಫರ್, ಇಲ್ಲಾಂದ್ರೆ ಯಾವುದಾದ್ರೂ ಪ್ರಾವಿನ್ಸ್ ಕೊಟ್ಟ ಟ್ರೇಡ್ ಸರ್ಟಿಫಿಕೇಟ್. ಡಿಗ್ರಿ ಕೇಳಲ್ಲ, 67 ಪಾಯಿಂಟ್ ಲೆಕ್ಕನೂ ಇಲ್ಲ. ಕಳೆದ ಐದು ವರ್ಷದಲ್ಲಿ ಎರಡು ವರ್ಷ ಅದೇ ಟ್ರೇಡ್‌ನಲ್ಲಿ ಕೆಲಸ, ಇಂಗ್ಲಿಷ್ ಮಾತಾಡೋದು ಕೇಳೋದ್ರಲ್ಲಿ ಸಿಎಲ್‌ಬಿ 5, ಓದು ಬರಹದಲ್ಲಿ 4 ಇದ್ರೆ ಸಾಕು. ಇಲ್ಲೊಂದು ರಿಯಾಯಿತಿ ಇದೆ, ಆಫರ್‌ನ ಒಬ್ಬರೇ ಕೊಡ್ಬೇಕು ಅಂತಿಲ್ಲ, ಇಬ್ಬರು ಸೇರಿ ಒಂದು ವರ್ಷದ ಕೆಲಸ ಕೊಟ್ರೂ ನಡಿಯುತ್ತೆ, ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದಕ್ಕೆ ಹೋಗೋ ಈ ಲೈನಲ್ಲಿ ಅದು ನ್ಯಾಯವಾದ ಮಾತೇ. ಟ್ರೇಡ್ ಸರ್ಟಿಫಿಕೇಟ್‌ಗೆ ಸಾಮಾನ್ಯವಾಗಿ ಕೆನಡಾಗೆ ಬಂದು ಪರೀಕ್ಷೆ ಬರೀಬೇಕಾಗುತ್ತೆ, ಅದಕ್ಕೇ ಹೊರಗಡೆ ಇರೋರಿಗೆ ಆಫರ್ ದಾರಿನೇ ಹತ್ರ ಅನ್ಸೋದು. ಮೊದಲು ಟೆಂಪರರಿ ಪರ್ಮಿಟ್‌ನಲ್ಲಿ ಬಂದು ಒಂದು ವರ್ಷ ದುಡಿದು ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಕ್ಲಾಸ್‌ಗೆ ಅರ್ಹನಾಗೋದೂ ಉಂಟು, ಅಲ್ಲಿ ಆಫರ್ ಕೇಳಲ್ಲ.

ಪ್ರಶ್ನೆ: ಹ್ಯಾಲಿಫ್ಯಾಕ್ಸ್‌ನಲ್ಲಿ ಒಂದು ಕಂಪನಿಯವ್ರು ಎಲ್‌ಎಂಐಎ ಇಲ್ದೇನೇ ಪಿಆರ್ ಮಾಡ್ಕೊಡ್ತೀವಿ ಅಂದಿದಾರೆ. ಇದು ಮೋಸಾನಾ?

ಮೋಸ ಅಂತ ನೇರ ಹೇಳೋಕಾಗಲ್ಲ, ಅಂಥದ್ದೊಂದು ದಾರಿ ನಿಜವಾಗ್ಲೂ ಇದೆ. ಅಟ್ಲಾಂಟಿಕ್ ಇಮಿಗ್ರೇಶನ್ ಪ್ರೋಗ್ರಾಂ ಅಂತ. 2017ರಲ್ಲಿ ಪ್ರಯೋಗಕ್ಕೆ ಅಂತ ಶುರು ಮಾಡಿದ್ರು, 2022ರಿಂದ ಖಾಯಂ ಆಯ್ತು. ನೋವಾ ಸ್ಕೋಶಿಯಾ, ನ್ಯೂ ಬ್ರನ್ಸ್‌ವಿಕ್, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್, ನ್ಯೂಫೌಂಡ್‌ಲ್ಯಾಂಡ್ ಅಂಡ್ ಲ್ಯಾಬ್ರಡಾರ್ ಈ ನಾಲ್ಕು ಪ್ರಾವಿನ್ಸ್‌ಗೆ ಮಾತ್ರ. ಎಕ್ಸ್‌ಪ್ರೆಸ್ ಎಂಟ್ರಿಗೂ ಇದಕ್ಕೂ ಸಂಬಂಧ ಇಲ್ಲ, ಸಿಆರ್‌ಎಸ್ ಇಲ್ಲ, ಎಲ್‌ಎಂಐಎ ಬೇಡ, ಇಲ್ಲಿ ಜಾಬ್ ಆಫರೇ ಎಲ್ಲ. ಆದ್ರೆ ಆಫರ್ ಕೊಡೋ ಕಂಪನಿನ ಪ್ರಾವಿನ್ಸ್‌ನವ್ರು ಡೆಸಿಗ್ನೇಟೆಡ್ ಎಂಪ್ಲಾಯರ್ ಅಂತ ಮೊದಲೇ ಒಪ್ಪಿರ್ಬೇಕು. ನೀವು ಕಂಪನಿಯವ್ರನ್ನ ಕೇಳಬೇಕಾದ ಮೊದಲ ಪ್ರಶ್ನೆ ಅದೇ, ನಿಮ್ಮ ಡೆಸಿಗ್ನೇಶನ್ ಲೆಟರ್ ತೋರ್ಸಿ ಅಂತ. ತೋರ್ಸೋಕೆ ಹಿಂದೆಮುಂದೆ ನೋಡಿದ್ರೆ ಅಲ್ಲಿಂದ ಜಾಗ ಖಾಲಿ ಮಾಡಿ.

ಟೀರ್ 0ಯಿಂದ 3ರ ಕೆಲಸಕ್ಕೆ ಕನಿಷ್ಠ ಒಂದು ವರ್ಷದ ಆಫರ್, ಟೀರ್ 4ಕ್ಕೆ ಪರ್ಮನೆಂಟ್ ಆಫರೇ ಬೇಕು. ಕಳೆದ ಐದು ವರ್ಷದಲ್ಲಿ 1,560 ಗಂಟೆ ಕೆಲಸದ ಅನುಭವ, ಅಲ್ಲೇ ಓದಿದ ಸ್ಟೂಡೆಂಟ್ಸ್‌ಗೆ ಇದ್ರಲ್ಲಿ ವಿನಾಯಿತಿ ಇದೆ. ಇಂಗ್ಲಿಷ್ ಸಿಎಲ್‌ಬಿ 5, ಟೀರ್ 4 ಆದ್ರೆ 4. ಒಂದು ಸೆಟ್ಲ್‌ಮೆಂಟ್ ಪ್ಲಾನ್ ಮಾಡಿಸ್ಬೇಕು, ಅದಾದ್ಮೇಲೆ ಪ್ರಾವಿನ್ಸ್ ಎಂಡಾರ್ಸ್‌ಮೆಂಟ್ ಕೊಡುತ್ತೆ, ಆಮೇಲೆ ಪಿಆರ್ ಅರ್ಜಿ. ಚಳಿ ಜಾಸ್ತಿ, ಊರು ಚಿಕ್ಕದು ಅಂತ ಟೊರಾಂಟೊ ಕಡೆನೇ ಕಣ್ಣಿಟ್ಟೋರು ಇದನ್ನ ನೋಡೋದೇ ಇಲ್ಲ, ನನ್ನ ಕೇಳಿದ್ರೆ ವಯಸ್ಸು ಜಾಸ್ತಿ ಆಗಿ ಸಿಆರ್‌ಎಸ್ ಕೈಕೊಟ್ಟವ್ರು ಮೊದಲು ನೋಡಬೇಕಾಗಿರೋದೇ ಇದು.

ಪ್ರಶ್ನೆ: ಪಿಆರ್ ಅರ್ಜಿ ಹಾಕಿ ಕೆಲವು ತಿಂಗಳಾಯ್ತು, ಮೊನ್ನೆ ಕಂಪನಿಯಲ್ಲಿ ಲೇಆಫ್ ಆಯ್ತು, ನಂದೂ ಹೋಯ್ತು. ಅರ್ಜಿ ರಿಜೆಕ್ಟ್ ಆಗುತ್ತಾ? ಐಆರ್‌ಸಿಸಿಗೆ (ಕೆನಡಾದ ಇಮಿಗ್ರೇಶನ್ ಇಲಾಖೆಗೆ) ಹೇಳ್ಬೇಕಾ, ಹೇಳ್ದೆ ಸುಮ್ನೆ ಇರ್ಲಾ? ರಾತ್ರಿ ನಿದ್ದೆ ಬರ್ತಿಲ್ಲ.

ಗಾಬರಿ ಆಗ್ಬೇಡಿ, ನೀವು ಯಾವ ದಾರಿಯಲ್ಲಿ ಅರ್ಜಿ ಹಾಕಿದೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ, ಅದನ್ನ ನೀವು ಪತ್ರದಲ್ಲಿ ಬರ್ದಿಲ್ಲ, ಹಾಗಾಗಿ ಒಂದೊಂದಾಗಿ ಹೇಳ್ತೀನಿ.

ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಕ್ಲಾಸ್ ಆಗಿದ್ರೆ ನೆಮ್ಮದಿಯಾಗಿ ಮಲಗಿ. ಅಲ್ಲಿ ಲೆಕ್ಕಕ್ಕೆ ಬರೋದು ಹಿಂದಿನ ಮೂರು ವರ್ಷದಲ್ಲಿ ಅದಾಗ್ಲೇ ಮಾಡಿ ಮುಗಿಸಿದ ಒಂದು ವರ್ಷದ ಕೆಲಸ, ಈಗ ಕೆಲಸ ಇದ್ಯಾ ಇಲ್ವಾ ಅನ್ನೋದಲ್ಲ. ಅನುಭವನ ಯಾರೂ ವಾಪಸ್ ಕಿತ್ಕೊಳ್ಳೋಕಾಗಲ್ಲ. ಫೆಡರಲ್ ಸ್ಕಿಲ್ಡ್ ವರ್ಕರ್‌ನಲ್ಲಿ ಆಫರ್ ತೋರಿಸ್ದೇನೇ 67 ದಾಟಿದ್ರೂ ಅಷ್ಟೇ, ತೊಂದ್ರೆ ಇಲ್ಲ.

ಆದ್ರೆ ಆ 67ರಲ್ಲಿ ಆಫರ್‌ನ 10, 15 ಸೇರಿತ್ತು ಅಂದ್ರೆ ಲೆಕ್ಕ ಮತ್ತೆ ಮಾಡ್ಬೇಕಾಗುತ್ತೆ. ಇನ್ನೊಂದು ವಿಷಯ ತುಂಬಾ ಜನ ಮರೀತಾರೆ, ದುಡ್ಡಿನ ಪುರಾವೆ. ಸ್ಕಿಲ್ಡ್ ವರ್ಕರ್‌ಗಳು ಕೈಯಲ್ಲಿ ಇಂತಿಷ್ಟು ಹಣ ಇದೆ ಅಂತ ತೋರಿಸ್ಬೇಕು, ಒಬ್ಬರಿಗೇ ಹದಿನೈದು ಸಾವಿರ ಡಾಲರ್ ಆಸುಪಾಸು, ನಾಲ್ಕು ಜನದ ಕುಟುಂಬಕ್ಕೆ ಇಪ್ಪತ್ತೆಂಟು ಸಾವಿರದ ಹತ್ರ, ಪ್ರತಿ ವರ್ಷ ಏರಿಸ್ತಾರೆ. ನಿಯಮದ ಪ್ರಕಾರದ ಜಾಬ್ ಆಫರ್ ಇದ್ದು, ಜೊತೆಗೆ ಕೆನಡಾದಲ್ಲಿ ಕೆಲಸ ಮಾಡೋ ಪರ್ಮಿಟ್ಟೂ ಇದ್ರೆ ಮಾತ್ರ ಇದರಿಂದ ವಿನಾಯಿತಿ. ನೀವು ಆ ವಿನಾಯಿತಿ ತಗೊಂಡಿದ್ರೆ ಕೆಲಸ ಹೋದ ಕೂಡ್ಲೇ ಅದೂ ಹೋಗುತ್ತೆ. ದುಡ್ಡು ಒಟ್ಟು ಮಾಡಿ ಬ್ಯಾಂಕ್‌ನಿಂದ ಲೆಟರ್ ತಗೊಳ್ಳಿ, ಅದ್ರಲ್ಲಿ ಅಕೌಂಟ್ ಯಾವಾಗ ತೆರೆದಿದ್ದು, ಈಗ ಎಷ್ಟಿದೆ, ಆರು ತಿಂಗಳ ಸರಾಸರಿ ಎಷ್ಟು, ಸಾಲ ಏನಿದೆ ಎಲ್ಲ ಇರ್ಬೇಕು. ಭಾವನ ಹತ್ರ ನಾಲ್ಕು ದಿನಕ್ಕೆ ಸಾಲ ತಂದು ಹಾಕಿದ್ರೆ ಆ ಸರಾಸರಿಯಲ್ಲೇ ಸಿಕ್ಕಿಬೀಳ್ತೀರಿ, ಸಾಲದ ದುಡ್ಡು ಲೆಕ್ಕಕ್ಕೂ ಬರಲ್ಲ.

ಕಷ್ಟ ಇರೋದು ಪ್ರಾವಿನ್ಸ್ ನಾಮಿನೇಶನ್ ಅಥವಾ ಅಟ್ಲಾಂಟಿಕ್ ದಾರಿಯಲ್ಲಿ ಹೋದವ್ರಿಗೆ. ಆ ಕಂಪನಿ ಆ ಕೆಲಸ ನೋಡಿನೇ ಪ್ರಾವಿನ್ಸ್ ಒಪ್ಪಿರೋದು, ಕೆಲಸ ಹೋದ್ರೆ ನಾಮಿನೇಶನ್ ವಾಪಸ್ ತಗೊಳ್ಳೋ ಅಧಿಕಾರ ಅವ್ರಿಗಿದೆ. ಮುಚ್ಚಿಡಬೇಡಿ. ಪ್ರಾವಿನ್ಸ್‌ಗೆ ಮೊದಲು ಬರೀರಿ, ಲೇಆಫ್ ಲೆಟರ್ ಹಾಕಿ, ಅದೇ ಥರದ ಇನ್ನೊಂದು ಕೆಲಸ ಹುಡುಕ್ತಿದೀನಿ ಅಂತ ಹೇಳಿ, ಕೆಲವು ಸಲ ಹೊಸ ಆಫರ್ ತೋರಿಸೋಕೆ ಟೈಮ್ ಕೊಡ್ತಾರೆ. ಹೇಳ್ದೇ ಕೂತು ಆಮೇಲೆ ಅವ್ರೇ ಕಂಪನಿಗೆ ಫೋನ್ ಮಾಡಿ ತಿಳ್ಕೊಂಡ್ರೆ ಅದು ಲೇಆಫ್ ಆಗಿ ಉಳಿಯಲ್ಲ, ಮಾಹಿತಿ ಮುಚ್ಚಿಟ್ಟ ಕೇಸ್ ಆಗುತ್ತೆ. ಐಆರ್‌ಸಿಸಿಗೂ ವೆಬ್‌ಫಾರ್ಮ್‌ನಲ್ಲಿ ತಿಳಿಸಿ, ಯಾವ ದಾರಿಯಲ್ಲಿ ಹಾಕಿದ್ರೂ ಪರಿಸ್ಥಿತಿ ಬದಲಾದ್ರೆ ಹೇಳೋ ಜವಾಬ್ದಾರಿ ಅರ್ಜಿದಾರನದ್ದು.

ಇನ್ನು ಹೊಟ್ಟೆಪಾಡು. ಪಿಆರ್ ಅರ್ಜಿ ಹಾಕಿ ರಸೀದಿ ಬಂದಿದ್ರೆ, ಪರ್ಮಿಟ್ ಇನ್ನೂ ಚಾಲ್ತಿಯಲ್ಲಿದ್ರೆ ಬ್ರಿಡ್ಜಿಂಗ್ ಓಪನ್ ವರ್ಕ್ ಪರ್ಮಿಟ್‌ಗೆ, ಅಂದ್ರೆ ಪಿಆರ್ ಬರೋ ತನಕ ಕೆಲಸ ಮಾಡೋಕೆ ಕೊಡೋ ಪರ್ಮಿಟ್‌ಗೆ, ಅರ್ಹತೆ ಇದೆಯಾ ನೋಡಿ, ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಹಾಕಿದವ್ರಿಗೆ ಸಾಮಾನ್ಯವಾಗಿ ಸಿಗುತ್ತೆ. ಅದು ಬಂದ್ರೆ ಒಬ್ಬನೇ ಓನರ್‌ನ ಹಂಗು ಇರಲ್ಲ.

ಪ್ರಶ್ನೆ: ಕೆನಡಾ ಕಂಪನಿಗೆ ಊರಲ್ಲೇ ಕೂತು ರಿಮೋಟ್ ಆಗಿ ಎರಡು ವರ್ಷದಿಂದ ಕೆಲಸ ಮಾಡ್ತಿದೀನಿ, ಸಂಬಳನೂ ಕೆನಡಾ ಡಾಲರ್‌ನಲ್ಲೇ. ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಅಂತ ಹಾಕ್ಬೋದಾ?

ಆಗಲ್ಲ. ಕೆಲಸ ಮಾಡುವಾಗ ನೀವು ಕೆನಡಾ ನೆಲದ ಮೇಲೆ, ಪರ್ಮಿಟ್ ಇಟ್ಕೊಂಡು ಇರ್ಬೇಕು. ನಿಮ್ಮದು ವಿದೇಶಿ ಅನುಭವ ಅಂತ ಸೇರುತ್ತೆ, ಅದಕ್ಕೂ ಪಾಯಿಂಟ್ ಇದೆ. ಅದೇ ಕಂಪನಿಯವ್ರು ನಿಮ್ಮನ್ನ ಕರೆಸ್ಕೊಳ್ಳೋಕೆ ರೆಡಿ ಇದ್ರೆ ಆಗ ಬೇರೆ ಮಾತು, ನಿಮ್ಮ ಕೆಲಸ ಗೊತ್ತಿದ್ದು ಕೊಡೋ ಆಫರ್‌ಗೆ ಪ್ರಾವಿನ್ಸ್ ಹತ್ರ ಒಳ್ಳೇ ಬೆಲೆ ಇರುತ್ತೆ.

ಪ್ರಶ್ನೆ: ಐಟಿಎ ಬಂದಿದೆ ಮೇಡಂ! ಆದ್ರೆ ಹಳೇ ಕಂಪನಿಯ ಲೆಟರ್ ಕೇಳ್ತಿದಾರೆ. ನನ್ನ ಹತ್ರ ಸೇರುವಾಗ ಕೊಟ್ಟ ಆಫರ್ ಲೆಟರ್ ಇದೆ, ಅದನ್ನೇ ಹಾಕಿದ್ರೆ ಸಾಕಲ್ವಾ?

ಮೇಡಂ ಅಲ್ಲ, ಸರ್. ಇರ್ಲಿ, ಅಭಿನಂದನೆಗಳು!

ಸಾಲಲ್ಲ. ಆಫರ್ ಲೆಟರ್ ಹೇಳೋದು ನಿಮಗೆ ಕೆಲಸ ಕೊಡ್ತೀವಿ ಅಂತ, ಅವ್ರು ಕೇಳ್ತಿರೋದು ನೀವು ಕೆಲಸ ಮಾಡಿದ್ರಿ ಅನ್ನೋದಕ್ಕೆ ಸಾಕ್ಷಿ. ಕಂಪನಿ ಲೆಟರ್‌ಹೆಡ್‌ನಲ್ಲಿ ಎಲ್ಲಿಂದ ಎಲ್ಲೀವರೆಗೆ, ಯಾವ ಹುದ್ದೆ, ವಾರಕ್ಕೆ ಎಷ್ಟು ಗಂಟೆ, ಸಂಬಳ ಮತ್ತು ಸವಲತ್ತು ಎಷ್ಟು, ಏನೇನು ಕೆಲಸ ಮಾಡಿದ್ರಿ ಎಲ್ಲ ಬರ್ದು ಸಹಿ ಇರ್ಬೇಕು. ಆ ಕೆಲಸದ ವಿವರದಲ್ಲೇ ಬಹಳ ಅರ್ಜಿ ಮುಗ್ಗರಿಸೋದು, ಎಚ್‌ಆರ್‌ನವ್ರು ಎರಡು ಸಾಲಿನ ಸರ್ಟಿಫಿಕೇಟ್ ಕೊಟ್ಟು ನಮ್ಮ ಫಾರ್ಮ್ಯಾಟ್ ಇಷ್ಟೇ ಅಂತಾರೆ, ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋ ಕಥೆ. ಹಾಗಾದ್ರೆ ನಿಮ್ಮ ಹಳೇ ಮ್ಯಾನೇಜರ್ ಹತ್ರ ಕೆಲಸದ ವಿವರ ಬರೆಸಿ ಸಹಿ ಹಾಕ್ಸಿ, ಸಂಬಳದ ಚೀಟಿ, ಟ್ಯಾಕ್ಸ್ ಕಾಗದ, ಎಚ್‌ಆರ್‌ನವ್ರು ಕೊಡಲ್ಲ ಅಂದ ಈಮೇಲ್ ಎಲ್ಲ ಸೇರಿಸಿ ಒಂದು ವಿವರಣೆ ಪತ್ರದ ಜೊತೆ ಹಾಕಿ. ಉದ್ಯೋಗ ಪಟ್ಟಿಯಲ್ಲಿರೋ ವಾಕ್ಯಗಳನ್ನ ಹಾಗೇ ಕಾಪಿ ಹೊಡೀಬೇಡಿ, ಆಫೀಸರ್‌ಗಳು ದಿನಾ ಅದನ್ನೇ ಓದ್ತಿರ್ತಾರೆ, ಗೊತ್ತಾಗಿಬಿಡುತ್ತೆ. ಐಟಿಎ ಬಂದ ದಿನದಿಂದ 60 ದಿನ ಮಾತ್ರ ಟೈಮ್, ಅದ್ರೊಳಗೆ ಪೊಲೀಸ್ ಸರ್ಟಿಫಿಕೇಟ್, ಮೆಡಿಕಲ್ ಕೂಡ ಆಗ್ಬೇಕು, ಹಾಗಾಗಿ ಎಚ್‌ಆರ್‌ಗೆ ಇವತ್ತೇ ಮೇಲ್ ಹಾಕಿ.